ನಂಬಿಕಸ್ಥರ ಬಾಗಿಲು

ಬಾಳೂರಿನ ಮಲ್ಲಿಕಾರ್ಜುನಪ್ಪನ ನಾಲಿಗೆಯ ಸುದ್ದಿ ಕೇಳದವರು ಚಿಕ್ಕಮಗಳೂರು ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅವರು ಇನ್ನೂ ಹುಟ್ಟಿಲ್ಲವೆಂದೇ ತಿಳಿಯಬೇಕು. ಒಂದು ಚಮಚ ಕಾಫಿಯನ್ನು ಸೊರ್ರೆಂದು ಎಳೆದು, ಬಾಯಲ್ಲಿ ಮೂರು ಸುತ್ತು ತಿರುಗಿಸಿ, ಪಕ್ಕದ ಡಬ್ಬಕ್ಕೆ ಉಗುಳಿದನೆಂದರೆ ಆ ಬೀಜದ ಜಾತಕವೇ ಹೊರಬೀಳುತ್ತಿತ್ತು. ಯಾವ ಊರು, ಗುಡ್ಡದ ಯಾವ ಮಗ್ಗುಲು, ಕಣದಲ್ಲಿ ಎಷ್ಟು ದಿನ ಒಣಗಿತ್ತು, ಒಣಗುವಾಗ ಪಕ್ಕದ ಮನೆಯಲ್ಲಿ ಮೀನು ಹುರಿದಿದ್ದರೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಇಪ್ಪತ್ತು ವರ್ಷ ರುಚಿ ನೋಡುವ ಕೆಲಸ ಮಾಡಿದವನು. ಅಲ್ಲಿ ಒಮ್ಮೆ ಕಪ್ಪನ್ನು ಕೆಳಗಿಟ್ಟು, ಈ ಚೀಲ ತಂದ ಲಾರಿಯ ಡ್ರೈವರು ತಲೆಗೆ ಹರಳೆಣ್ಣೆ ಹಚ್ಚಿಕೊಂಡಿದ್ದಾನೆ ಎಂದನಂತೆ. ಡ್ರೈವರನನ್ನು ಕರೆಸಿದರು. ಅವನ ತಲೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಕಪ್ಪಿನ ಮುಂದೆ ಕೂತಾಗ ಅವನಿಗೆ ನೆಂಟರಿಲ್ಲ, ಇಷ್ಟರಿಲ್ಲ. ತನ್ನದೇ ಹನ್ನೆರಡು ಎಕರೆಯ ಕಾಫಿಯನ್ನು ಒಂದು ವರ್ಷ ‘ಒದ್ದೆ ಗೋಣಿ’ ಎಂದು ಹೇಳಿ ತಾನೇ ತಳ್ಳಿಹಾಕಿದ್ದ. ಮೂರೆಕರೆಯ ತುಂಗಮ್ಮ ಮಗುವಿನ ಹಾಗೆ ಸಾಕಿ ತಂದ ಬೀಜವನ್ನು, ಆಕೆ ಎದುರಿಗೆ ನಿಂತಿದ್ದಾಗಲೇ, ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟು ಹುಳಿ ಬರಿಸಿದ್ದೀರಿ ಎಂದು ಹೇಳಿ ಉಗುಳಿದ್ದ. ತುಂಗಮ್ಮ ಮೂರು ತಿಂಗಳು ಅವನ ಮನೆಯ ದಾರಿಯಲ್ಲಿ ನಡೆಯಲಿಲ್ಲ.

ಆದರೆ ಕಪ್ಪಿನಿಂದ ಎದ್ದು ಬಂದು ಜಗಲಿಯಲ್ಲಿ ಕೂತನೆಂದರೆ ಅದೇ ನಾಲಿಗೆ ಬೇರೆ ಕೆಲಸಕ್ಕೆ ಇಳಿಯುತ್ತಿತ್ತು. ಅಜ್ಜನ ಕಾಲದ ಕೋವಿ ಹಿಡಿದು ತೋಟಕ್ಕೆ ಬಂದ ಹಂದಿಗಳನ್ನು ಓಡಿಸಿದ ಕಥೆ ಸೋಮವಾರ ಹೇಳಿದಾಗ ಹಂದಿ ನಾಲ್ಕಿದ್ದರೆ, ಗುರುವಾರದ ಹೊತ್ತಿಗೆ ಮರಿ ಹಾಕಿ ಹನ್ನೊಂದಾಗುತ್ತಿದ್ದವು. ಶನಿವಾರ ಕಳಸದ ಬಸ್ಸಿನಲ್ಲಿ ಕೇಳಿದವರಿಗೆ ಅದರಲ್ಲೊಂದು ಕಾಟಿಯೂ, ಅಂದರೆ ಕಾಡುಕೋಣವೂ, ಸೇರಿರುತ್ತಿತ್ತು.

ಇಂಥವನಿಗೆ ಐವತ್ತಮೂರನೆಯ ವಯಸ್ಸಿನಲ್ಲಿ ತಾನು ನಂಬಿಕಸ್ಥನೋ ಅಲ್ಲವೋ ಎಂಬುದನ್ನು ಸರ್ಕಾರದಿಂದ ಬರೆಸಿಕೊಳ್ಳುವ ಹುಚ್ಚು ಹತ್ತಿತು. ಅದೂ ಬೇರೆ ದೇಶದ ಸರ್ಕಾರದಿಂದ.

ಅದಕ್ಕೆ ಕಾರಣವಿತ್ತು. ಬಾಳೂರಿನ ಆಸುಪಾಸಿನಲ್ಲಿ ಎರಡೆಕರೆ ಮೂರೆಕರೆ ಕಾಫಿ ಇಟ್ಟುಕೊಂಡ ಹದಿನಾಲ್ಕು ಮನೆಯವರು ಅವನ ಮಾತು ಕೇಳಿ ಒಂದು ಸಾಹಸಕ್ಕೆ ಕೈಹಾಕಿದ್ದರು. ಹಸಿರು ಕಾಯಿ ಬೆರೆಸದೆ ಕೆಂಪು ಹಣ್ಣನ್ನೇ ಕೊಯ್ದು, ಒಂದೇ ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿ, ಅವನು ಹೇಳಿದಂತೆ ಒಣಗಿಸಿ, ಮನೆಗೊಂದರಂತೆ ಹದಿನಾಲ್ಕು ಪೊಟ್ಟಣ ಮಾದರಿ ಕೊಟ್ಟಿದ್ದರು. ಯುರೋಪಿನ ಒಂದು ಬಂದರು ಪಟ್ಟಣದಲ್ಲಿ ಪ್ರತಿ ಮಾರ್ಚಿನಲ್ಲಿ ಇಲ್ಲಿಂದ ಬಳ್ಳಾರಿ ಮುಟ್ಟುವಷ್ಟು ಉದ್ದದ ಮೇಜು ಹಾಕಿ ಪ್ರಪಂಚದ ಕಾಫಿಗಳನ್ನೆಲ್ಲ ಇಟ್ಟು ರುಚಿ ನೋಡುತ್ತಾರೆ. ಅಲ್ಲಿ ಒಪ್ಪಿಗೆಯಾದರೆ ಬಾಳೂರಿನ ಕಾಫಿ ಬಾಳೂರಿನ ಹೆಸರಿನಲ್ಲೇ ಮಾರಾಟವಾಗುತ್ತದೆ. ಇಲ್ಲದಿದ್ದರೆ ಯಥಾಪ್ರಕಾರ ಏಜೆಂಟರ ಗೋದಾಮಿನಲ್ಲಿ ಎಲ್ಲರದರ ಜೊತೆ ಬೆರೆತು ಹೆಸರಿಲ್ಲದೆ ಹೋಗುತ್ತದೆ. ಮಾದರಿಯನ್ನು ಬೆಳಿಗ್ಗೆ ಹತ್ತರೊಳಗೆ ಒಪ್ಪಿಸಬೇಕು. ಹತ್ತಾಯಿತೆಂದರೆ ಅಲ್ಲಿ ಬಾಗಿಲು ಹಾಕುತ್ತಾರೆ, ದೇವರು ಬಂದರೂ ತೆಗೆಯುವುದಿಲ್ಲ.

ಪಾರ್ಸೆಲ್ ಕಳಿಸಬಹುದಿತ್ತು. ಒಮ್ಮೆ ಕಳಿಸಿಯೂ ಇದ್ದರು. ಕಾಫಿ ಬೀಜದಂಥ ಚಾಡಿಕೋರ ಇನ್ನೊಂದಿಲ್ಲ, ಪಕ್ಕದಲ್ಲಿ ಏನಿದೆಯೋ ಅದರ ವಾಸನೆಯನ್ನು ಎಳೆದುಕೊಂಡು ಬರುತ್ತದೆ. ಆ ಪಾರ್ಸೆಲ್ ಯಾವುದೋ ಸೋಪಿನ ಪೆಟ್ಟಿಗೆಯ ಪಕ್ಕ ಕೂತು ಹೋಗಿತ್ತು. ಅಲ್ಲಿನವರು ಒಂದು ಗುಟುಕು ಕುಡಿದು, ಇದು ಸ್ನಾನಕ್ಕೆ ಚೆನ್ನಾಗಿದೆ ಎಂದು ಬರೆದರಂತೆ. ಅಂದಿನಿಂದ ಮಾದರಿಯನ್ನು ಮಲ್ಲಿಕಾರ್ಜುನಪ್ಪ ತೊಡೆಯ ಮೇಲಿಟ್ಟುಕೊಂಡೇ ಹೋಗಬೇಕೆಂದಾಯಿತು.

2006ರ ಮಾರ್ಚಿನಲ್ಲಿ ಹಾಗೇ ಹೋದ. ದೊಡ್ಡ ವಿಮಾನದಿಂದ ಇಳಿದು, ಮತ್ತೊಮ್ಮೆ ತಪಾಸಣೆ ಮುಗಿಸಿ, ಬಂದರು ಪಟ್ಟಣದ ಸಣ್ಣ ವಿಮಾನ ಹತ್ತಬೇಕು. ತಪಾಸಣೆಯವರು ಚೀಲ ತೆರೆದು ನೋಡಿದರೆ ಹದಿನಾಲ್ಕು ಬಿಳಿಯ ಪೊಟ್ಟಣಗಳು, ಒಂದೊಂದರ ಮೇಲೂ ಅವರಿಗೆ ಓದಲಾಗದ ಉರುಟು ಲಿಪಿ, ಒಳಗೆ ಇನ್ನೂ ಹುರಿಯದ ಹಸಿರು ಬೀಜ. ಮೊದಲು ಒಬ್ಬ ಬಂದ, ಆಮೇಲೆ ಮೂವರು, ಆಮೇಲೆ ಕರಡಿಯ ಗಾತ್ರದ ನಾಯಿ. ನಾಯಿ ಎಲ್ಲ ಪೊಟ್ಟಣಗಳನ್ನೂ ಮೂಸಿ, ಹದಿನಾಲ್ಕು ಸಲ ಸೀನಿ, ಕೊನೆಗೆ ಬೇಸರದಿಂದ ಮಲಗಿಕೊಂಡಿತು. ಮೂರು ಗಂಟೆ ಹಿಡಿಯಿತು. ಸಣ್ಣ ವಿಮಾನ ಹಾರಿಹೋಯಿತು. ಮುಂದಿನದನ್ನು ಹತ್ತಿ ಓಡೋಡಿ ಹೋದಾಗ ಹತ್ತು ನಲವತ್ತು. ಬಾಗಿಲು ಹಾಕಿತ್ತು. ಇನ್ನೊಂದು ವರ್ಷ ಅವಕಾಶ ಕೊಡುತ್ತೇವೆ, ಅದೇ ಕೊನೆಯದು ಎಂದು ಅಲ್ಲಿನವರು ಕಾಗದ ಬರೆದರು.

ಊರಿಗೆ ಮರಳಿದಾಗ ಹದಿನಾಲ್ಕು ಮನೆಯಲ್ಲಿ ಯಾರೂ ಬೈಯಲಿಲ್ಲ. ಅದು ಅವನಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಆದರೆ ಆ ಮೂರು ಗಂಟೆಯಲ್ಲಿ ಅವನು ಒಂದು ಸಂಗತಿ ನೋಡಿದ್ದ. ಸಾಲಿನ ಪಕ್ಕದಲ್ಲಿ ಒಂದು ಗಾಜಿನ ಬಾಗಿಲಿತ್ತು. ಹವಾಯಿ ಚಪ್ಪಲಿ ಹಾಕಿಕೊಂಡ, ಗಡ್ಡ ಬೋಳಿಸದ ಒಬ್ಬ ಮನುಷ್ಯ ಬಂದು ಒಂದು ಕಾರ್ಡನ್ನು ಯಂತ್ರಕ್ಕೆ ತೋರಿಸಿ ಬೆರಳಿಟ್ಟ. ಬಾಗಿಲು ತಾನಾಗಿ ತೆರೆದುಕೊಂಡಿತು. ಅವನ ಚೀಲವನ್ನು ಒಮ್ಮೆ ಯಂತ್ರದಲ್ಲಿ ತೂರಿಸಿ ಬಿಟ್ಟರು. ಮನೆಯ ಹಿತ್ತಲಿಗೆ ಹೋಗುವವನಂತೆ ಅವನು ಹೋಗಿಬಿಟ್ಟ. ಅವನು ಯಾರು ಎಂದು ಮಲ್ಲಿಕಾರ್ಜುನಪ್ಪ ಕಾವಲಿನವನನ್ನು ಕೇಳಿದ. ನಂಬಿಕಸ್ಥ ಪ್ರಯಾಣಿಕ ಎಂದು ಉತ್ತರ ಬಂತು. ಪದೇ ಪದೇ ಬರುವವರು ಮೊದಲೇ ಅರ್ಜಿ ಹಾಕಿ, ವಿಚಾರಣೆ ಮುಗಿಸಿ, ಬೆರಳಚ್ಚು ಕೊಟ್ಟರೆ ಆ ಕಾರ್ಡು ಸಿಗುತ್ತದಂತೆ.

ನಂಬಿಕಸ್ಥ ಎನ್ನುವುದನ್ನು ಯಂತ್ರ ಹೇಗೆ ಕಂಡುಹಿಡಿಯುತ್ತದೆ? ಈ ಪ್ರಶ್ನೆ ಅವನ ಕಿವಿಯೊಳಗೆ ಜೀರುಂಡೆಯ ಹಾಗೆ ಹೊಕ್ಕಿತು. ತಾನು ಕಾಫಿಯನ್ನು ಎಳೆದು ಉಗುಳುವಂತೆ ಅದೂ ಮನುಷ್ಯರನ್ನು ಒಳಗೆಳೆದು, ಮೂರು ಸುತ್ತು ತಿರುಗಿಸಿ, ಹುಳಿ ಬಂದವರನ್ನು ಉಗುಳುತ್ತದೆಯೇ? ಊರಿನಲ್ಲಿ ಸಿಕ್ಕವರನ್ನೆಲ್ಲ ಕೇಳತೊಡಗಿದ: ನೀವು ಒಬ್ಬನನ್ನು ನಂಬುವುದು ಏನನ್ನು ನೋಡಿ? ಕಳಸದ ಬಸ್ಸಿನ ಕಂಡಕ್ಟರ್, ಟೀ ಕುಡಿಯಲು ಇಳಿಯುವಾಗ ಚೀಲವನ್ನು ಸೀಟಿನ ಮೇಲೆ ಬಿಟ್ಟು ಹೋಗುವವರನ್ನು ನಂಬಬಹುದು, ಎತ್ತಿಕೊಂಡು ಹೋಗುವವರ ಮೇಲೆ ಕಣ್ಣಿಡಬೇಕು ಎಂದ. ಹೆಂಡತಿ ಶಂಕರಮ್ಮನಿಗೆ ಲೆಕ್ಕ ಇನ್ನೂ ಸುಲಭವಿತ್ತು. ಇಸಿದುಕೊಂಡು ಹೋದ ಬಟ್ಟಲನ್ನು ಖಾಲಿ ತಂದುಕೊಡದೆ, ನಾಲ್ಕು ನಿಂಬೆಹಣ್ಣನ್ನಾದರೂ ಹಾಕಿ ಕೊಡುವವರು ನಂಬಿಕಸ್ಥರು. ಬಾಳೂರಿನಲ್ಲಿ ಅಂಥವರು ಎಷ್ಟಿದ್ದಾರೆಂದು ಕೇಳಿದ್ದಕ್ಕೆ ಆಕೆ ಎರಡೇ ಬೆರಳು ಮಡಚಿದಳು. ಅದರಲ್ಲಿ ಗಂಡ ಇರಲಿಲ್ಲ.

ಅರ್ಜಿ ತರಿಸಿದ. ಹನ್ನೊಂದು ಪುಟ. ತುಂಬಿಸಲು ರೇವಣ್ಣ ಬಂದ.

ಈ ರೇವಣ್ಣ ಪಕ್ಕದ ದೊಡ್ಡ ಎಸ್ಟೇಟಿನ ರೈಟರು, ಅಂದರೆ ಆಳುಗಳ ಹಾಜರಿಯಿಂದ ಹಿಡಿದು ಗೊಬ್ಬರದ ಚೀಲದವರೆಗೆ ಎಲ್ಲವನ್ನೂ ಪುಸ್ತಕಕ್ಕೆ ಏರಿಸುವ ಗುಮಾಸ್ತ. ಹದಿನಾಲ್ಕು ಮನೆಗಳಲ್ಲಿ ಅವನದೂ ಒಂದು. ಇಂಗ್ಲಿಷ್ ಬರೆಯುವುದರಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲೇ ಎತ್ತಿದ ಕೈ. ಇಪ್ಪತ್ತೆಂಟು ವರ್ಷದ ರೈಟರಗಿರಿ ಅವನಿಗೆ ಒಂದು ವ್ರತ ಹಿಡಿಸಿತ್ತು: ಯಾವ ಕಾಲಮನ್ನೂ ಖಾಲಿ ಬಿಡಬಾರದು. ಖಾಲಿ ಕಾಲಂ ಕಂಡರೆ ಮ್ಯಾನೇಜರು ಬೈಯುತ್ತಾರೆ, ಮ್ಯಾನೇಜರು ಬಿಟ್ಟರೂ ಆಡಿಟರು ಬಿಡುವುದಿಲ್ಲ. ಆ ನಿಷ್ಠೆಯಲ್ಲಿ ‘ಇದ್ದರೆ ಮಾತ್ರ ಬರೆಯಿರಿ’ ಎಂದಿದ್ದ ಕಡೆಯಲ್ಲೂ ಏನಾದರೊಂದು ಬರೆದ. ಎಂದೋ ಹಾವು ಕಚ್ಚಿದ್ದನ್ನು ಕಾಯಿಲೆಯ ಕಾಲಮಿಗೆ ಸೇರಿಸಿದ. ಹೆಸರಿಗೆ ಕೊಟ್ಟ ಚೌಕಗಳು ಮಲ್ಲಿಕಾರ್ಜುನಪ್ಪನಿಗೆ ಸಾಲದೆ ಹೋದಾಗ ಅಂಚಿನಲ್ಲಿ ತಾನೇ ಮೂರು ಚೌಕ ಗೆರೆ ಎಳೆದು ಸೇರಿಸಿದ.

ಮೂವತ್ತೊಂದನೆಯ ಕಾಲಮಿಗೆ ಬಂದಾಗ ರೇವಣ್ಣನ ಪೆನ್ನು ನಿಂತಿತು. ಪೊಲೀಸರು ಎಂದಾದರೂ ನಿಮ್ಮಿಂದ ಆಯುಧ ಪಡೆದಿದ್ದಾರೆಯೇ? ಪಡೆದ ದಿನ, ಕಾರಣ, ಹಿಂದಿರುಗಿಸಿದ ದಿನ ಬರೆಯಿರಿ.

ಕಾಫಿ ಸೀಮೆಯಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಚುನಾವಣೆ ಬಂತೆಂದರೆ ಅವರೆಲ್ಲ ಕೋವಿಯನ್ನು ಠಾಣೆಗೆ ಕೊಟ್ಟು ಚೀಟಿ ತರಬೇಕು. ಎಣಿಕೆ ಮುಗಿದ ಮೇಲೆ ಚೀಟಿ ತೋರಿಸಿ ವಾಪಸು ತರಬೇಕು. ಬಸ್ಸಿನಲ್ಲಿ ಕೋವಿಗಳು ಮದುವೆ ದಿಬ್ಬಣದ ಹಾಗೆ ಹೋಗುತ್ತವೆ, ದಿಬ್ಬಣದ ಹಾಗೇ ಬರುತ್ತವೆ. ಅದರಲ್ಲಿ ವಿಶೇಷವೇನೂ ಇಲ್ಲ. ಈ ಪ್ರಶ್ನೆ ಅದಕ್ಕಲ್ಲ, ಇಲ್ಲವೆಂದು ಬರೆದು ಮುಂದೆ ಹೋಗಿ ಎಂದು ಶಂಕರಮ್ಮ ಏಲಕ್ಕಿ ಬಿಡಿಸುತ್ತ ಕೂತಲ್ಲಿಂದಲೇ ಹೇಳಿದಳು. ಮಲ್ಲಿಕಾರ್ಜುನಪ್ಪ ಒಪ್ಪಲಿಲ್ಲ. ನಂಬಿಕೆಯ ಅರ್ಜಿಯಲ್ಲೇ ಸುಳ್ಳು ಬರೆಯುವುದೇ? ಪಡೆದದ್ದು ಹೌದಲ್ಲ, ಬರೆ ಎಂದ. ರೇವಣ್ಣ ಸಂತೋಷದಿಂದ ಬರೆದ. 1989, 1991, 1994, 1995, 1996, 1998, 1999, 2000, 2004. ಒಂಬತ್ತು ಸಾಲು. ಒಂಬತ್ತು ಸಾಲಿಗೂ ಕಾರಣದ ಕಾಲಮಿನಲ್ಲಿ ಒಂದೇ ಪದ: ಚುನಾವಣೆ.

ಹಿಂದಿರುಗಿಸಿದ ದಿನಗಳನ್ನು ಮಲ್ಲಿಕಾರ್ಜುನಪ್ಪ ಒಂದೊಂದಾಗಿ ಹೇಳುತ್ತ ಹೋದ. ಒಂಬತ್ತನೆಯ ಸಾಲಿಗೆ ಬಂದಾಗ ತಡವರಿಸಿದ.

ಯಾಕೆಂದರೆ ಒಂಬತ್ತನೆಯ ಸಲ ಕೊಟ್ಟ ಕೋವಿ ಠಾಣೆಯಿಂದ ಬಂದೇ ಇರಲಿಲ್ಲ. ಪೊಲೀಸರು ಕೊಡಲಿಲ್ಲವೆಂದಲ್ಲ, ಇವನು ತರಲಿಲ್ಲ. ಆ ವರ್ಷ ಠಾಣೆಗೆ ಕೊಡುವ ಮೊದಲು ಕೊನೆಯ ಸಲ ಗುಂಡು ಹಾರಿಸಿದಾಗ ಅಜ್ಜನ ಕೋವಿ ಕತ್ತೆಯ ಹಾಗೆ ಒದ್ದು, ಬಲಭುಜ ಹದಿನೈದು ದಿನ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಂದಿನಿಂದ ಅದನ್ನು ಮುಟ್ಟಲೇ ಅವನಿಗೆ ಭಯ. ಹಂದಿ ಬಂದಾಗ ತೋಟದ ಮೇಲ್ತುದಿಗೆ ಹೋಗಿ ಒಂದು ಗರ್ನಾಲು ಪಟಾಕಿ ಸಿಡಿಸಿ ಬರುತ್ತಿದ್ದ. ಬಂದು ಕೋವಿಯ ಕಥೆ ಹೇಳುತ್ತಿದ್ದ. ಕೋವಿ ಮೂಲೆಯ ಕೋಣೆಯ ಅಟ್ಟದಲ್ಲಿದೆ, ಮಂತ್ರಿಸಿ ಇಟ್ಟಿದ್ದೇನೆ, ಯಾರೂ ಹತ್ತಬಾರದು ಎಂದಿದ್ದ. ಈಗ ಆ ಕಥೆಗಳನ್ನು ಬಾಯಿಬಿಟ್ಟು ಕೇಳಿದ ರೇವಣ್ಣ ಎದುರಿಗೆ ಪೆನ್ನು ಹಿಡಿದು ಕೂತಿದ್ದಾನೆ. ಹೆಂಡತಿ ಪಕ್ಕದಲ್ಲಿದ್ದಾಳೆ.

ಖಾಲಿ ಬಿಡು ಎಂದರೆ ರೇವಣ್ಣ ಪ್ರಾಣ ಬಿಟ್ಟಾನು, ಕಾಲಂ ಬಿಡಲಾರ.

“ಮೇ ಮೂವತ್ತು” ಎಂದ ಮಲ್ಲಿಕಾರ್ಜುನಪ್ಪ.

ರೇವಣ್ಣ ಬರೆದ. ಶಂಕರಮ್ಮನ ಕೈ ಏಲಕ್ಕಿಯ ಮೇಲೆ ಒಂದು ಗಳಿಗೆ ನಿಂತು ಮತ್ತೆ ಓಡಿತು.

ಮೂರು ತಿಂಗಳಿಗೆ ಉತ್ತರ ಬಂತು. ಜನವರಿ ಹದಿನೇಳರಂದು ಚೆನ್ನೈಯಲ್ಲಿರುವ ನಮ್ಮ ಕಚೇರಿಗೆ ಬನ್ನಿ, ಮೂವತ್ತೊಂದನೆಯ ಕಾಲಮಿನ ಬಗ್ಗೆ ಮಾತನಾಡುವುದಿದೆ. ಹೊರಡುವ ದಿನ ಶಂಕರಮ್ಮ ಕೋಟಿನ ಜೇಬುಗಳನ್ನು ಬೋರಲು ಹಾಕಿದಳು. ಅಡಕತ್ತರಿ, ಮೂರು ವರ್ಷದ ಹಿಂದಿನ ಬಸ್ ಟಿಕೆಟ್, ಪಾಚಿ ಬಣ್ಣಕ್ಕೆ ತಿರುಗಿದ ಒಂದು ಕೋವಿ ಕಾಟ್ರಿಜ್, ಗರ್ನಾಲಿನ ಅರ್ಧ ಸುಟ್ಟ ಬತ್ತಿ ಬಿದ್ದವು. ಆಕೆ ಕಾಟ್ರಿಜ್ ಮತ್ತು ಬತ್ತಿಯನ್ನು ಒಂದರ ಪಕ್ಕ ಒಂದಿಟ್ಟು ಸ್ವಲ್ಪ ಹೊತ್ತು ನೋಡಿದಳು.

“ಇವನ್ನೂ ತೋರಿಸ್ತೀರಾ ಅವ್ರಿಗೆ, ಇಲ್ಲೇ ಇಟ್ಟು ಹೋಗ್ತೀರಾ?”

ಅವನು ಠಾಣೆಯ ಚೀಟಿಗಳನ್ನೆಲ್ಲ ಇಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟ.

ಆ ಕಚೇರಿ ಎಷ್ಟು ತಣ್ಣಗಿತ್ತೆಂದರೆ ಚೆನ್ನೈಯ ಬಿಸಿಲನ್ನೆಲ್ಲ ಹಿಂಡಿ ಹೊರಗೆ ಹಾಕಿದ್ದಂತಿತ್ತು. ಸಂದರ್ಶನ ಮಾಡುವವಳು ಬಿಳಿ ಕೂದಲಿನ, ಕಾಫಿ ತೋಟದ ಸಿಲ್ವರ್ ಮರದಷ್ಟು ಎತ್ತರದ ಹೆಂಗಸು. ಬಾಗಿಲ ಬಳಿ ಕೈ ಕಟ್ಟಿಕೊಂಡು ಒಬ್ಬ ಕಾವಲುಗಾರ ನಿಂತಿದ್ದ. ಅವನು ತನಗಾಗಿಯೇ ನಿಂತಿದ್ದಾನೆಂದು ಮಲ್ಲಿಕಾರ್ಜುನಪ್ಪನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಕೆ ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಕೇಳಿದಳು: ನಿಮ್ಮ ದೇಶದಲ್ಲಿ ಮತದಾನ ನಡೆದಾಗಲೆಲ್ಲ ಪೊಲೀಸರು ನಿಮ್ಮಿಂದ ಬಂದೂಕು ಕಿತ್ತುಕೊಳ್ಳಬೇಕಾಗಿ ಬಂದದ್ದು ಯಾಕೆ?

ಅವನಿಗೆ ಆಗ ತನ್ನ ಒಂಬತ್ತು ಸಾಲುಗಳು ಆಕೆಯ ಕಣ್ಣಿಗೆ ಹೇಗೆ ಕಂಡಿವೆಯೆಂದು ಹೊಳೆಯಿತು. ಹದಿನೈದು ವರ್ಷ, ಒಂಬತ್ತು ಚುನಾವಣೆ, ಒಂದೂ ಬಿಡದೆ ಕೋವಿ ಹಿಡಿದು ಇಳಿದ ಗಂಡು. ಇಡೀ ಪ್ರಜಾಪ್ರಭುತ್ವವನ್ನು ಒಬ್ಬನೇ ಅಲ್ಲಾಡಿಸುವವನು. ಒಂದು ಕ್ಷಣ ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಆಮೇಲೆ ಬಾಗಿಲ ಬಳಿಯವನನ್ನು ನೋಡಿ ಹೆಮ್ಮೆ ಇಳಿಯಿತು.

ವಿವರಿಸಿದ. ಪೊಲೀಸರು ಕಿತ್ತುಕೊಳ್ಳುವುದಿಲ್ಲ, ನಾವೇ ತೆಗೆದುಕೊಂಡು ಹೋಗಿ ಕೊಡುತ್ತೇವೆ. ಹೇಗೆ ತೆಗೆದುಕೊಂಡು ಹೋಗುತ್ತೀರಿ? ಬಸ್ಸಿನಲ್ಲಿ. ಬಸ್ಸಿನಲ್ಲಿ ಬಂದೂಕು ಬಿಡುತ್ತಾರೆಯೇ? ಸೀಟು ಸಿಗದಿದ್ದರೆ ನಿಂತುಕೊಂಡು ಹೋಗಬೇಕು, ಅಷ್ಟೇ. ಪೊಲೀಸರು ಅದನ್ನು ವಾಪಸು ಕೊಡುತ್ತಾರೆಂದು ನಿಮಗೆ ಹೇಗೆ ಗೊತ್ತು? ಈ ಪ್ರಶ್ನೆಯನ್ನು ಅವನು ಜೀವನದಲ್ಲಿ ಕೇಳಿಕೊಂಡಿರಲಿಲ್ಲ. ಯೋಚಿಸಿ, ಅಲ್ಲಿ ಶಿವಯ್ಯ ಇದ್ದಾನೆ ಎಂದ. ಆಕೆಯೂ ಯೋಚಿಸಿದಳು. ಪೆನ್ನು ಕೆಳಗಿಟ್ಟು, ನಿಮ್ಮ ಊರಿನಲ್ಲಿ ಎಷ್ಟು ಬಂದೂಕುಗಳು ಹೀಗೆ ಹೋಗಿ ಬರುತ್ತವೆ, ಬದಲಾಗುವುದಿಲ್ಲವೇ, ಯಾವುದು ಯಾರದೆಂದು ಹೇಗೆ ಗುರುತಿಸುತ್ತಾರೆ ಎಂದೆಲ್ಲ ಕೇಳತೊಡಗಿದಳು. ಇವಳೂ ತನ್ನ ಜಾತಿಯವಳೇ, ಪ್ರಶ್ನೆ ಹೊಕ್ಕರೆ ಬಿಡುವವಳಲ್ಲ ಎಂದು ಮಲ್ಲಿಕಾರ್ಜುನಪ್ಪನಿಗೆ ಅನ್ನಿಸಿತು. ಉತ್ಸಾಹ ಉಕ್ಕಿ, ಸಾಕ್ಷಿಗೆಂದು ಬಿಸ್ಕತ್ತಿನ ಡಬ್ಬಿ ತೆರೆದು ಒಂಬತ್ತು ಚೀಟಿಗಳನ್ನೂ ಮೇಜಿನ ಮೇಲೆ ಇಸ್ಪೀಟಿನಂತೆ ಹರಡಿದ.

ಆಕೆಗೆ ಕನ್ನಡ ಬಾರದು. ಆದರೆ ಎಣಿಸಲು ಬರುತ್ತಿತ್ತು. ಎಂಟು ಚೀಟಿಗಳ ಮೇಲೆ ನೇರಳೆ ಬಣ್ಣದ ಎರಡೆರಡು ಮುದ್ರೆಗಳಿದ್ದವು. ಒಂದು ಕೊಟ್ಟಾಗಿನದು, ಒಂದು ವಾಪಸು ತಂದಾಗಿನದು. ಒಂಬತ್ತನೆಯದರ ಮೇಲೆ ಒಂದೇ ಮುದ್ರೆ. ಆಕೆ ಅದರ ಮೇಲೆ ಬೆರಳಿಟ್ಟು ಅವನ ಮುಖ ನೋಡಿದಳು. ಅವನು ಡಬ್ಬಿಯ ಮುಚ್ಚಳ ಹುಡುಕತೊಡಗಿದ್ದನ್ನು ಕಂಡು, ಚೀಟಿಯ ತಲೆಯಲ್ಲಿದ್ದ ನಂಬರಿಗೆ ಫೋನು ಹಚ್ಚಿ, ಕೋಣೆಯಲ್ಲೆಲ್ಲ ಕೇಳುವಂತೆ ಮಾಡಿದಳು. ಕಚೇರಿಯಲ್ಲಿ ಕನ್ನಡ ಬಲ್ಲ ಒಬ್ಬನೇ ಒಬ್ಬ ಅಂದು ರಜೆಯಲ್ಲಿದ್ದನಂತೆ. ಹಾಗಾಗಿ ನೀವೇ ಮಾತಾಡಿ, ಅವರು ಹೇಳಿದ್ದನ್ನು ನನಗೆ ಹೇಳಿ ಎಂದಳು.

ಶಿವಯ್ಯ ಹೆಡ್ ಕಾನ್‌ಸ್ಟೇಬಲ್. ಎಷ್ಟು ಸಲ ವರ್ಗವಾದರೂ ಜಿಲ್ಲೆ ಸುತ್ತಿಕೊಂಡು ಅದೇ ಠಾಣೆಗೆ ಬಂದು ಸೇರುವವನು. ಅವನ ದನಿಗೆ ಫೋನಿನ ಅಗತ್ಯವೇ ಇರಲಿಲ್ಲ, ಕಿಟಕಿ ತೆರೆದಿದ್ದರೆ ಚೆನ್ನೈಗೆ ಹಾಗೇ ಕೇಳುತ್ತಿತ್ತು.

“ಯಾರು, ಸಾಹುಕಾರ್ರಾ? ಎಲ್ಲಿದೀರಿ ಮಾರಾಯ್ರೇ. ಎರಡೂವರೆ ವರ್ಷ ಆಯ್ತು, ನಿಮ್ಮ ಕೋವಿ ನಮ್ಮ ಬೀರು ಹಿಂದೇನೇ ಕೂತಿದೆ. ನಳಿಗೆಯೊಳಗೆ ಹಲ್ಲಿ ಮೊಟ್ಟೆ ಇಟ್ಟು ಮರೀನೂ ಮಾಡ್ತು. ಪಂಚಾಯ್ತಿ ಎಲೆಕ್ಷನ್ ಬಂದಾಗ ಎಲ್ಲಾರೂ ತಂದ್ಕೊಟ್ರು, ನಿಮ್ದು ಇಲ್ಲೇ ಇತ್ತಲ್ಲ, ನಂಗೂ ಚೀಟಿ ಬರೆಯೋ ಕೆಲಸ ಉಳೀತು. ಯಾವಾಗ ತಗೊಂಡ್ ಹೋಗ್ತೀರಿ?”

ಫೋನು ನಿಂತಿತು. ಆಕೆ ಪೆನ್ನು ಹಿಡಿದು, ಏನು ಹೇಳಿದರು ಎಂದಳು.

ಆ ಕೋಣೆಯಲ್ಲಿ ಶಿವಯ್ಯನ ಮಾತು ತಿಳಿದವನು ಮಲ್ಲಿಕಾರ್ಜುನಪ್ಪ ಒಬ್ಬನೇ. ಮೇ ಮೂವತ್ತಕ್ಕೆ ಕೊಟ್ಟಿದ್ದೇವೆ, ಮುದ್ರೆ ಒತ್ತುವುದು ಮರೆತಿದೆ ಎಂದರೆ ಮುಗಿಯಿತು. ಕಾರ್ಡು ಬರುತ್ತದೆ, ಗಾಜಿನ ಬಾಗಿಲು ತೆರೆಯುತ್ತದೆ, ಹದಿನಾಲ್ಕು ಪೊಟ್ಟಣಗಳು ಹತ್ತು ಗಂಟೆಗೆ ಮೇಜಿನ ಮೇಲಿರುತ್ತವೆ. ಇದಕ್ಕಿಂತ ಹತ್ತು ಪಟ್ಟು ದೊಡ್ಡ ಸುಳ್ಳುಗಳನ್ನು ಅವನು ಬಸ್ಸಿನಲ್ಲಿ ನಿಂತುಕೊಂಡೇ ಹೇಳಿದ್ದ. ಬಾಯಿ ತೆರೆದ. ಆದರೆ ಮೇಜಿನ ಮೇಲೆ ಆಕೆ ಅವನಿಗೆಂದು ತರಿಸಿಟ್ಟಿದ್ದ ಒಂದು ಕಪ್ಪು ಕಾಫಿಯಿತ್ತು. ಅಭ್ಯಾಸಬಲದಿಂದ ಅವನು ಅದನ್ನೆತ್ತಿ ಸೊರ್ರೆಂದು ಒಂದು ಗುಟುಕು ಎಳೆದಿದ್ದ. ಹಳೆಯ ಬೀಜ, ಹೊತ್ತಿಸಿ ಹುರಿದದ್ದು, ಎರಡು ಗಂಟೆ ಬಿಸಿ ತಟ್ಟೆಯ ಮೇಲಿದ್ದದ್ದು. ಆ ರುಚಿ ನಾಲಿಗೆಯ ಮೇಲಿರುವಾಗ ನಾಲಿಗೆ ಬೇರೆ ಕೆಲಸಕ್ಕೆ ಏಳಲಿಲ್ಲ. ಕಪ್ಪಿನ ಮುಂದೆ ಇಪ್ಪತ್ತು ವರ್ಷ ಅದು ಒಂದೇ ಪಾಠ ಕಲಿತಿತ್ತು.

ಎಲ್ಲವನ್ನೂ ಹೇಳಿದ. ಕೋವಿ ಠಾಣೆಯಲ್ಲೇ ಇದೆ. ತಾರೀಖು ಸುಳ್ಳು. ರೇವಣ್ಣನ ತಪ್ಪಲ್ಲ, ತಾನೇ ಬರೆಸಿದ್ದು. ಹಲ್ಲಿ, ಭುಜ, ಗರ್ನಾಲು, ನಾಲ್ಕು ಹಂದಿ ಹನ್ನೊಂದಾದದ್ದು, ಯಾವುದನ್ನೂ ಬಿಡಲಿಲ್ಲ. ಕೊನೆಗೆ, ಈ ಕಾಫಿಯೂ ಚೆನ್ನಾಗಿಲ್ಲ ಎಂದ.

ಆಕೆ ಪೆನ್ನು ಕೆಳಗಿಟ್ಟಳು. ಬಾಗಿಲ ಬಳಿಯವನಿಗೆ ಹೋಗಬಹುದೆಂದು ಸನ್ನೆ ಮಾಡಿದಳು. ಈ ಕುರ್ಚಿಯಲ್ಲಿ ಕೂತವರಲ್ಲಿ ನಿಮ್ಮಷ್ಟು ನಂಬಿಕೆ ಹುಟ್ಟಿಸಿದವರು ಕಡಿಮೆ ಎಂದಳು. ಆದರೆ ಅರ್ಜಿಯಲ್ಲಿ ಒಂದು ಸುಳ್ಳು ಸಿಕ್ಕರೂ ಮೂರು ವರ್ಷ ಕಾರ್ಡು ಕೊಡುವಂತಿಲ್ಲ, ನಿಯಮ ಹಾಗಿದೆ ಎಂದು ಹನ್ನೊಂದು ಪುಟದ ಮೇಲೆ ಕೆಂಪು ಗೆರೆ ಎಳೆದಳು. ಅವನು ಚೀಟಿಗಳನ್ನು ಆಯ್ದುಕೊಳ್ಳುತ್ತಿರುವಾಗ, ಅಷ್ಟಕ್ಕೂ ನಿಮಗೆ ಇಷ್ಟು ಅವಸರ ಯಾಕೆಂದು ಕೇಳಿದಳು. ಹತ್ತು ಗಂಟೆಯ ಬಾಗಿಲಿನ ಕಥೆ ಹೇಳಿದ.

ಹಾಗಾದರೆ ಒಂದು ದಿನ ಮುಂಚೆ ಬರಬಹುದಲ್ಲ ಎಂದಳು ಆಕೆ.

ಮಲ್ಲಿಕಾರ್ಜುನಪ್ಪ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನಿಂತ. ಹತ್ತು ತಿಂಗಳಿನಿಂದ ರೈಟರೂ ಸೇರಿ ಹದಿನಾಲ್ಕು ಮನೆಯವರು, ಜೊತೆಗೊಬ್ಬ ಕಂಡಕ್ಟರು ಕೂಡಿ ಪ್ರಪಂಚದ ಯಂತ್ರಗಳ ಬಗ್ಗೆಯೆಲ್ಲ ಯೋಚಿಸಿದ್ದರು. ಇದು ಒಬ್ಬರಿಗೂ ಹೊಳೆದಿರಲಿಲ್ಲ. ಬಾಳೂರಿನವರಿಗೆ ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ಕಾಯುವುದು ಗೊತ್ತಿತ್ತು. ಹಿಂದಿನ ದಿನದ ಬಸ್ಸು ಹತ್ತುವುದು ಗೊತ್ತಿರಲಿಲ್ಲ.

ಊರಿಗೆ ಬಂದವನು ಮನೆಗೆ ಹೋಗದೆ ಮೊದಲು ಠಾಣೆಗೆ ಹೋದ. ಶಿವಯ್ಯ ಬೀರುವಿನ ಹಿಂದಿನಿಂದ ಕೋವಿ ಎಳೆದು, ಜೇಡರಬಲೆ ಒರೆಸಿ, ಚೀಟಿಗೆ ಎರಡನೆಯ ಮುದ್ರೆ ಒತ್ತಿದ. ಹಗಲು ಹೊತ್ತಿನಲ್ಲೇ, ಊರಿನವರೆಲ್ಲ ನೋಡುವಂತೆ ಮಲ್ಲಿಕಾರ್ಜುನಪ್ಪ ಅದನ್ನು ಹೊತ್ತುಕೊಂಡು ಬಂದ. ಅಟ್ಟದಲ್ಲಿರಬೇಕಾದ ಕೋವಿ ರಸ್ತೆಯಲ್ಲಿ ಬರುತ್ತಿರುವುದನ್ನು ಕಂಡು ಶಂಕರಮ್ಮ ಬಾಗಿಲಲ್ಲಿ ನಿಂತಳು. ಅವನು ಹೇಳಲು ಹೊರಟ. ಆಕೆ ಹೇಳಿಸಿಕೊಳ್ಳಲಿಲ್ಲ.

“ಗರ್ನಾಲಿನ ವಾಸನೆ ಬೇರೆ, ಕೋವಿ ಮದ್ದಿನ ವಾಸನೆ ಬೇರೆ. ಮೂಗು ನಿಮಗೊಬ್ರಿಗೇ ಇರೋದು ಅಂದ್ಕೊಂಡಿದ್ರಾ?”

ಮಾರ್ಚಿಗೆ ಮುಂಚೆ ಹದಿನಾಲ್ಕು ಮನೆಯವರು ಪಲ್ಪರ್ ಶೆಡ್ಡಿನಲ್ಲಿ ಸೇರಿದರು. ಪೊಟ್ಟಣಗಳನ್ನು ತಂದಿದ್ದರು, ಆದರೆ ಯಾರೂ ಕೈಯಿಂದ ಕೆಳಗಿಟ್ಟಿರಲಿಲ್ಲ. ಮಲ್ಲಿಕಾರ್ಜುನಪ್ಪ ಎದ್ದು ನಿಂತು, ನನಗೆ ಕಾರ್ಡು ಸಿಗಲಿಲ್ಲ, ನಾನು ನಂಬಿಕಸ್ಥನಲ್ಲ ಎಂದು ಕೆಂಪು ಗೆರೆ ಎಳೆದಿದ್ದಾರೆ, ಕೋವಿಯ ವಿಷಯದಲ್ಲಿ ನಿಮಗೆಲ್ಲ ಸುಳ್ಳು ಹೇಳಿದ್ದೆ, ಇದನ್ನು ಕೇಳಿದ ಮೇಲೆ ಬೇರೆ ಯಾರನ್ನಾದರೂ ಕಳಿಸುವುದಾದರೆ ಕಳಿಸಿ ಎಂದ. ಅಷ್ಟು ಚಿಕ್ಕ ಭಾಷಣವನ್ನು ಅವನು ಹುಟ್ಟಿದಾರಭ್ಯ ಮಾಡಿರಲಿಲ್ಲ. ರೇವಣ್ಣ ತಲೆ ತಗ್ಗಿಸಿ ಕೂತಿದ್ದ. ಕೋವಿಯ ಸುಳ್ಳಲ್ಲ, ತಾನು ಬರೆದ ಕಾಲಮಿನಲ್ಲಿ ಸುಳ್ಳು ತಾರೀಖು ಹೊಕ್ಕಿದ್ದು ಅವನನ್ನು ಕೊಂದಿತ್ತು.

ಮೊದಲು ಎದ್ದವಳು ತುಂಗಮ್ಮ.

“ಹಂದಿ ವಿಷ್ಯದಲ್ಲಿ ನಿಮ್ಮನ್ನ ನಂಬಿದೋರು ಇಲ್ಲಿ ಯಾರೂ ಇಲ್ಲ ಮಾರಾಯ್ರೇ. ನನ್ ಎದ್ರಿಗೇ ನನ್ ಕಾಫಿ ಹುಳಿ ಅಂತ ಉಗುಳಿದ್ರಲ್ಲ, ಅದಕ್ಕೆ ಕೊಡ್ತಿರೋದು ಇದನ್ನ.”

ಪೊಟ್ಟಣವನ್ನು ಅವನ ಮುಂದೆ ಇಟ್ಟು ಹೋಗಿ ಕೂತಳು. ಅದರ ಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ರೇವಣ್ಣ ಎಣಿಸಿ ಹದಿನಾಲ್ಕು ಎಂದು ಬರೆದುಕೊಂಡ.

ಒಂದು ದಿನ ಮುಂಚೆಯೇ ಹೊರಟ. ದೊಡ್ಡ ವಿಮಾನ ನಿಲ್ದಾಣದಲ್ಲಿ ಅದೇ ಸಾಲು, ಅದೇ ಚೀಲ ತೆರೆಯುವುದು, ಅದೇ ನಾಯಿಯೋ ಅದರ ತಮ್ಮನೋ ಬಂದು ಮೂಸುವುದು. ಈ ಸಲ ಮೂರು ಗಂಟೆ ನಲವತ್ತು ನಿಮಿಷ ಹಿಡಿಯಿತು. ಮಲ್ಲಿಕಾರ್ಜುನಪ್ಪ ಮದುವೆ ಮನೆಗೆ ಬಂದವನಂತೆ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಕೇಳದ್ದಕ್ಕೂ ಕೊಟ್ಟ. ಕಾವಲಿನವನೊಬ್ಬ ಏಳನೆಯ ಪೊಟ್ಟಣವನ್ನು ಮೂಗಿಗೆ ಹಿಡಿದು, ಹಸಿ ಹುಲ್ಲಿನ ಹಾಗಿದೆ ಎಂದಾಗ, ಮೂಗು ಪರವಾಗಿಲ್ಲ, ಕಲಿಸಿದರೆ ಕಲಿಯುತ್ತೀಯ ಎಂದು ಮೆಚ್ಚಿಕೊಂಡ. ಅಷ್ಟರಲ್ಲಿ ಪಕ್ಕದ ಗಾಜಿನ ಬಾಗಿಲಿಗೆ ಯಾರೋ ಬಂದರು. ಹವಾಯಿ ಚಪ್ಪಲಿಯವನೇ. ಕಾರ್ಡು ತೋರಿಸಿ ಬೆರಳಿಟ್ಟ, ಬಾಗಿಲು ತೆರೆಯಿತು, ಹೋದ. ಅವನ ಬೆನ್ನನ್ನೇ ನೋಡುತ್ತ ಮಲ್ಲಿಕಾರ್ಜುನಪ್ಪನಿಗೆ ಮತ್ತೆ ಜೀರುಂಡೆ ಹೊಕ್ಕಿತು. ಇವನೂ ಹನ್ನೊಂದು ಪುಟ ತುಂಬಿಸಿಯೇ ಬಂದವನು. ಮೂವತ್ತೊಂದನೆಯ ಕಾಲಮಿನಲ್ಲಿ ಇವನೇನು ಬರೆದಿರಬಹುದು? ಇವನ ಹೆಂಡತಿಗೆ ಏನೇನು ಗೊತ್ತಿರಬಹುದು?

ಮರುದಿನ ಬೆಳಿಗ್ಗೆ ಎಂಟೂವರೆಗೆ, ಬಾಗಿಲು ತೆರೆಯುವವನು ಬರುವ ಮೊದಲೇ, ಮಲ್ಲಿಕಾರ್ಜುನಪ್ಪ ಬಂದರು ಪಟ್ಟಣದ ಆ ಕಟ್ಟಡದ ಮೆಟ್ಟಿಲ ಮೇಲಿದ್ದ. ಬಳ್ಳಾರಿಯುದ್ದದ ಮೇಜಿನ ಮೇಲೆ ಹದಿನಾಲ್ಕು ಪೊಟ್ಟಣಗಳು ಬಾಳೂರು ಎಂಬ ಚೀಟಿ ಹೊತ್ತು ಸಾಲಾಗಿ ಕೂತವು. ಮಾರನೆಯ ದಿನ ಸಂಜೆ ಫಲಿತಾಂಶ ಹೇಳಿದರು. ಮನೆಗೆ ಫೋನು ಮಾಡಿದ. ಶಂಕರಮ್ಮ ಎತ್ತಿಕೊಂಡಳು. ಹಿಂದೆ ಹದಿನಾಲ್ಕು ಮನೆಯವರೂ ಉಸಿರು ಹಿಡಿದು ನಿಂತಿದ್ದು ಅವನಿಗೆ ಅಲ್ಲಿಂದಲೇ ಕೇಳಿಸುತ್ತಿತ್ತು. ಬಾಳೂರಿಗೆ ಮೂರನೆಯ ಸ್ಥಾನ ಎಂದ.

ಆಕೆ ಕೇಳಿದಳು:

“ಹಂದಿ ಲೆಕ್ಕದಲ್ಲಿ ಮೂರನೇದಾ, ಕಾಫಿ ಲೆಕ್ಕದಲ್ಲಾ?”

“ಕಾಫಿ ಲೆಕ್ಕದಲ್ಲಿ” ಎಂದ ಮಲ್ಲಿಕಾರ್ಜುನಪ್ಪ.

“ಹಾಗಾದ್ರೆ ಹೇಳ್ತೀನಿ ಎಲ್ರಿಗೂ” ಎಂದು ಆಕೆ ಫೋನಿಟ್ಟಳು.